ಪರದೆಯ ಪಾಲುಪಟ್ಟಿ

ಅಥವಾ ಅದು ಬಿಡದಿಯಲ್ಲಿ ನಡೆದದ್ದೇ ಅಲ್ಲವೇನೋ. ಬಿಡದಿ ಎಂದು ನಾನು ನಂಬಿರುವುದಕ್ಕೆ ಇರುವ ಆಧಾರ ಈ ಹಾಳೆಯ ಮೂಲೆಯಲ್ಲಿರುವ ಚಟ್ನಿಯ ಕಲೆ ಒಂದೇ. ಚಟ್ನಿ ರಾಮನಗರದಲ್ಲೂ ಸಿಗುತ್ತದೆ, ಚನ್ನಪಟ್ಟಣದಲ್ಲೂ ಸಿಗುತ್ತದೆ, ವಾರಕ್ಕೆರಡು ಸಲ ನಮ್ಮ ಮನೆಯಲ್ಲೂ ಸಿಗುತ್ತದೆ. ಆದರೂ ಬೆಳಿಗ್ಗೆ ಕಪಾಟು ಒರೆಸುವಾಗ ಹಳೆಯ ಫೈಲಿನಿಂದ ಈ ಹಾಳೆ ಜಾರಿ ಬಿದ್ದ ಕೂಡಲೇ ನನ್ನ ತಲೆ ಒಂದು ತಟ್ಟೆ ಇಡ್ಲಿ ಹೋಟೆಲನ್ನು ಕಟ್ಟಿ, ಬೆಣ್ಣೆಯ ವಾಸನೆ ಹರಡಿ, ಎದುರು ಬೆಂಚಿನಲ್ಲಿ ಪುಟ್ಟಸ್ವಾಮಿಯನ್ನು ತಂದು ಕೂರಿಸಿಬಿಟ್ಟಿತು. ನನ್ನ ತಲೆ ಈ ವಿಷಯದಲ್ಲಿ ಬಹಳ ಚುರುಕು. ಯಾರೂ ಕರೆಯದಿದ್ದರೂ ಬಂದು ಸಾಕ್ಷಿ ಹೇಳುತ್ತದೆ.

ಹಾಳೆಯ ಒಂದು ಬದಿಯಲ್ಲಿ ಯಾವುದೋ ಪ್ರಾಕ್ಟಿಕಲ್ ಪರೀಕ್ಷೆಯ ಹಾಜರಿ ಇದೆ. ಇನ್ನೊಂದು ಬದಿಯಲ್ಲಿ ಪುಟ್ಟಸ್ವಾಮಿ ಪೆನ್ನಿನಲ್ಲಿ ಎಳೆದ ಒಂದು ಚೌಕ, ಚೌಕದ ನಡುವೆ ಒಂದು ಗೆರೆ, ಒಂದು ಅರ್ಧದಲ್ಲಿ ಒಂದು ಚುಕ್ಕೆ, ಇನ್ನೊಂದು ಅರ್ಧದಲ್ಲಿ ಎರಡು ಚುಕ್ಕೆ. ಅಷ್ಟೇ. ಅಕ್ಷರ ಒಂದೂ ಇಲ್ಲ. ಇದನ್ನು ನೋಡಿ ನೀವು ಏನೂ ಹೇಳಲಾರಿರಿ. ನಾನು ಹೋದ ವರ್ಷ ಇದನ್ನು ಮುಂದಿಟ್ಟುಕೊಂಡು ಹನ್ನೊಂದು ಪುಟ ಬರೆದೆ.

ಪುಟ್ಟಸ್ವಾಮಿ ಮತ್ತು ನಾನು ಚನ್ನಪಟ್ಟಣದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆವು. ನಾನು ನೋಟ್ಸ್ ಬರೆಸುವ ಮೇಷ್ಟ್ರು. ಅವನು ಬೋರ್ಡಿನ ಮೇಲೆ ಪ್ರೋಗ್ರಾಂ ಬರೆದು, ಹುಡುಗರು ನಕಲು ಮಾಡಿಕೊಳ್ಳುವ ಮೊದಲೇ ಒರೆಸುವ ಮೇಷ್ಟ್ರು. ಪರೀಕ್ಷೆಯಲ್ಲಿ ಯಾರ ಹುಡುಗರು ಹೆಚ್ಚು ಪಾಸಾದರು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ನನಗೆ ಅನುಕೂಲವಾದ ನೆನಪುಗಳನ್ನು ಸದ್ಯ ದೂರ ಇಟ್ಟಿದ್ದೇನೆ.

ಅವನು ಬಿಡುವಿನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದ. ಅದರ ಹೆಸರು ‘ಬದು’. ಅದೇನೆಂದು ಒಸಿ ವಿವರಿಸುತ್ತೇನೆ, ಜೊತೆಯಲ್ಲಿರಿ. ಕಂಪ್ಯೂಟರಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಕಿಟಕಿ ತೆರೆದುಕೊಳ್ಳುತ್ತದಲ್ಲ, ಅವು ಸಾಮಾನ್ಯವಾಗಿ ಒಂದರ ಮೇಲೊಂದು ಬೀಳುತ್ತವೆ, ಮೇಜಿನ ಮೇಲಿನ ಕಾಗದಗಳ ಹಾಗೆ. ಬೇಕಾದದ್ದನ್ನು ಮೌಸ್ ಹಿಡಿದು ಎಳೆದು ತೆಗೆಯಬೇಕು. ಪುಟ್ಟಸ್ವಾಮಿಗೆ ಇದು ಸರಿಬರಲಿಲ್ಲ. ಅವನ ಪ್ರೋಗ್ರಾಮಿನಲ್ಲಿ ಯಾವ ಕಿಟಕಿಯೂ ಇನ್ನೊಂದರ ಮೇಲೆ ಬೀಳುವಂತಿಲ್ಲ. ಇರುವಷ್ಟು ಪರದೆಯನ್ನು ಎಲ್ಲರೂ ಪಾಲು ಹಾಕಿಕೊಂಡು ಅಕ್ಕಪಕ್ಕ ಬಾಳಬೇಕು. ಮೌಸ್ ಬೇಡ, ಎಲ್ಲ ಕೀಲಿಗಳಿಂದಲೇ. ಇಂಥ ಪ್ರೋಗ್ರಾಮುಗಳನ್ನು ಬೇರೆಯವರೂ ಬರೆದಿದ್ದಾರೆ. ಆದರೆ ಮಾಗಡಿ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದವನು ಬರೆದರೆ ಅದು ಹೊಲದ ಹಾಗೇ ಆಗುತ್ತದೆ.

ಹೋಟೆಲಿನಲ್ಲಿ, ಬಿಡದಿಯದ್ದೇ ಎಂದಿಟ್ಟುಕೊಳ್ಳೋಣ, ಅವನು ಹೇಳಿದ್ದು ಸುಮಾರಾಗಿ ಹೀಗೆ:

“ಲೇ, ಎರಡೆಕರೆ ಐತೆ ಅನ್ಕೊ. ಒಬ್ಬ ಅವ್ನೆ. ಇನ್ನೊಬ್ಬ ಬತ್ತಾನೆ. ಏನ್ ಮಾಡ್ತೀಯ? ನಡುವೆ ಬದು ಹಾಕ್ತೀಯ. ಮೂರನೇವ್ನು ಬತ್ತಾನೆ. ಇಡೀ ಹೊಲಾನ ಮತ್ತೆ ಅಳೀತೀಯಾ?”

“ಮೂರು ಸಮ ಮಾಡಬೇಕಲ್ವಾ?” ಎಂದೆ ನಾನು.

“ಅದಕ್ಕೇ ನೀನು ನೋಟ್ಸ್ ಬರೆಸ್ಕೊಂಡು ಕೂತಿರೋದು. ಯಾರ ಪಾಲಲ್ಲಿ ಬಂದು ನಿಂತ್ನೋ ಆ ಪಾಲ್ನ ಮಾತ್ರ ಎರಡು ಮಾಡ್ತೀಯ. ಉಳಿದೋರಿಗೆ ಸುದ್ದಿನೇ ಗೊತ್ತಾಗಬಾರದು. ಇಡ್ಲಿ ತಿನ್ನು, ಆರೋಯ್ತದೆ.”

ಇದಿಷ್ಟೇ ಅದರ ಜೀವ. ಪ್ರತಿ ಪಾಲೂ ಒಂದು ಕಿಟಕಿಯನ್ನು ಹಿಡಿದಿರುತ್ತದೆ, ಇಲ್ಲವೇ ತಾನೇ ಎರಡು ಪಾಲಾಗಿ ಒಡೆದಿರುತ್ತದೆ. ಒಡೆದ ಎರಡು ಪಾಲುಗಳಿಗೆ ಅವನು ಕೋಡಿನಲ್ಲಿ ಇಟ್ಟ ಹೆಸರು ಅಣ್ಣ, ತಮ್ಮ. ಮೊದಲಿದ್ದದ್ದು ಅಣ್ಣ, ಆಮೇಲೆ ಬಂದದ್ದು ತಮ್ಮ. ತಮ್ಮ ಮುಚ್ಚಿಹೋದರೆ ಅವನ ಜಾಗ ಅಣ್ಣನಿಗೆ, ಅಣ್ಣ ಹೋದರೆ ತಮ್ಮನಿಗೆ. ಬದುವನ್ನು ಕೀಲಿ ಒತ್ತಿ ಆಚೀಚೆ ಸರಿಸಬಹುದು. ಆ ಕೆಲಸ ಮಾಡುವ ಭಾಗಕ್ಕೆ ಅವನು ‘ಒತ್ತುವರಿ’ ಎಂದು ಹೆಸರಿಟ್ಟಿದ್ದ. ನಮ್ಮ ಕಡೆ ಉಳುವಾಗ ವರ್ಷಕ್ಕೊಂದು ಸಾಲು ಪಕ್ಕದವನ ಕಡೆ ನೇಗಿಲು ವಾಲುವುದುಂಟು. ಇದರ ಮೇಲೆ ನಡೆಯುವ ವ್ಯಾಜ್ಯಗಳು ಎರಡು ತಲೆಮಾರಿಗೆ ಬರುತ್ತವೆ. ಪುಟ್ಟಸ್ವಾಮಿಯ ಪ್ರೋಗ್ರಾಮಿನಲ್ಲಿ ಅದು ಕಂಟ್ರೋಲ್ ಒತ್ತಿ ಎಚ್ ಒತ್ತಿದರೆ ಆಗುತ್ತದೆ.

ಪಾಲು, ಬದು ಇವೆರಡರ ಹೊರಗೆ ಇನ್ನೊಂದು ಸಾಲು ಇದೆ, ಕಿಟಕಿಗಳನ್ನು ನೋಡಿದ ಕ್ರಮದಲ್ಲಿ ನೆನಪಿಟ್ಟುಕೊಳ್ಳುವ ಪಟ್ಟಿ. ಒಂದನ್ನು ಮುಚ್ಚಿದರೆ ಪಕ್ಕದ ಕಿಟಕಿಗೆ ಹೋಗುವುದಿಲ್ಲ, ಹಿಂದೆ ನೋಡುತ್ತಿದ್ದ ಕಿಟಕಿಗೆ ಹೋಗುತ್ತದೆ. “ಪಕ್ಕದ ಮನೆಯೋನು ಹತ್ತಿರದೋನಲ್ಲ ಕಣ್ಲಾ, ನಿನ್ನೆ ಮಾತಾಡ್ಸಿದೋನು ಹತ್ತಿರದೋನು” ಎಂದು ಅವನು ಹೇಳಿದ್ದ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ಎಷ್ಟು ನುಣ್ಣಗಾಗಿದೆಯೆಂದರೆ ಈಗ ಅದು ಅವನ ಮಾತಿನ ಹಾಗೆ ಕೇಳಿಸುವುದಿಲ್ಲ. ಪುಟ್ಟಸ್ವಾಮಿ ನುಣ್ಣಗೆ ಮಾತಾಡಿದವನಲ್ಲ.

ನಿವೃತ್ತನಾಗಿ ಮಾಗಡಿಗೆ ಹೋದ ಎರಡನೇ ವರ್ಷ ಅವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಎದುರಿನವರು ಹೇಳಿದ್ದು ಅರ್ಥವಾಗುತ್ತದೆ, ಬಾಯಿಂದ ಹೊರಡುವುದಿಲ್ಲ. ಬರೆಯುವುದು ಎಡಗೈಯಲ್ಲಿ, ನಿಧಾನವಾಗಿ, ಅದೂ ಎದುರಿಗೆ ಪದ ಕಾಣುತ್ತಿದ್ದರೆ ಬರುತ್ತದೆ. ಅದಕ್ಕಾಗಿ ಮಾತಿನ ಚಿಕಿತ್ಸೆಯ ಹೆಣ್ಣುಮಗಳೊಬ್ಬಳು ಅವನ ಹೆಂಡತಿ ಜಯಮ್ಮನವರ ಜೊತೆ ಕೂತು ಒಂದು ಪಟ್ಟಿ ಮಾಡಿಕೊಟ್ಟಿದ್ದಳು. ನೀರು, ಕಾಫಿ, ನೋವು, ಫ್ಯಾನು, ಬೇಡ, ಯಾರು, ಹೀಗೆ ಮುನ್ನೂರು ಚಿಲ್ಲರೆ ಪದ. ಲ್ಯಾಪ್‌ಟಾಪಿನ ಪರದೆಯಲ್ಲಿ ಎಡಗಡೆ ಆ ಪಟ್ಟಿ, ಬಲಗಡೆ ಬರೆಯುವ ಕಿಟಕಿ. ಪಟ್ಟಿಯಲ್ಲಿ ಪದ ಹುಡುಕಿ, ಅದನ್ನು ನೋಡುತ್ತ ಬಲಗಡೆ ಟೈಪು ಮಾಡುತ್ತಾನೆ. ಮೌಸ್ ಹಿಡಿಯಲು ಅವನಿಗಾಗುವುದಿಲ್ಲ. ತಾನೇ ಬರೆದ ಬದು ಇದ್ದದ್ದರಿಂದ ಅವನು ಮಾತಾಡುತ್ತಿದ್ದ, ಅಷ್ಟೇ ವಿಷಯ.

ಹೋದ ವರ್ಷ ಆ ಲ್ಯಾಪ್‌ಟಾಪು ಸತ್ತಿತು. ಹೊಸದು ತಂದರು. ಹೊಸದರಲ್ಲಿ ಪರದೆಗೆ ಚಿತ್ರ ಬರೆಯುವ ಏರ್ಪಾಡೇ ಬೇರೆ, ಬದು ಅದರಲ್ಲಿ ಓಡಲಿಲ್ಲ. ಅವನ ಮಗಳು ರೂಪ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಕಂಟ್ರೋಲ್ ಪ್ಯಾನೆಲ್ ನೋಡಿಕೊಳ್ಳುವವಳು. ಅವಳಿಗೆ ಪ್ರೋಗ್ರಾಂ ಬರೆಯಲು ಬರುತ್ತದೆ, ನಾನೇ ನೋಟ್ಸ್ ಬರೆಸಿದ್ದೆ. ಅವಳು ಫೋನ್ ಮಾಡಿದಳು.

“ಅಂಕಲ್, ಪೆನ್‌ಡ್ರೈವಲ್ಲಿ ಕೋಡ್ ಐತೆ. ನಾಲ್ಕು ಸಾವಿರ ಲೈನು. ಒಂದು ಕಾಮೆಂಟೂ ಇಲ್ಲ. ಕಿಟಕಿ ಜೋಡಿಸೋದು ನಾನು ಹೊಸದಾಗಿ ಬರೀತೀನಿ. ಆ ಅಣ್ಣ, ತಮ್ಮ, ಪಾಲು, ಇವೆಲ್ಲ ಏನು, ಹೆಂಗೆ ಅಂತ ನೀವು ಒಸಿ ಬರೆದುಕೊಡಿ. ಅಪ್ಪ ನಿಮ್ಮ ಹತ್ರ ಹೇಳಿರ್ತಾರೆ.”

“ಹೇಳಿದಾನೆ, ಎಲ್ಲ ನೆನಪಿದೆ” ಎಂದೆ. ಕಾಮೆಂಟಿನ ಬಗ್ಗೆ, ಅಂದರೆ ಕೋಡಿನ ನಡುವೆ ಓದುವವರಿಗೆಂದು ಬರೆದಿಡುವ ವಿವರಣೆಯ ಬಗ್ಗೆ, ಅವನು ಹೇಳಿದ್ದಂತೂ ನಿಜಕ್ಕೂ ನೆನಪಿತ್ತು. “ಹೊಲಕ್ಕೆ ಯಾರ್ಲಾ ಬೋರ್ಡ್ ಹಾಕ್ತಾರೆ?”

“ಬೇಗ ಅಂಕಲ್. ಅಪ್ಪ ಆರು ದಿವಸದಿಂದ ಒಂದು ಮಾತಾಡಿಲ್ಲ. ಅಮ್ಮ ಕೇಳಿದ್ದಕ್ಕೆಲ್ಲ ಬರೀ ಹೂಂ ಅಂತ ತಲೆ ಆಡಿಸ್ತಾರೆ.”

ನಾನು ಕೂತು ಬರೆದೆ. ಇಲ್ಲಿ ನನ್ನ ಅಪರಾಧವನ್ನು ಸರಿಯಾಗಿ ದಾಖಲಿಸುತ್ತೇನೆ. ರೂಪ ಕಳಿಸಿದ ಕೋಡು ನನ್ನ ಮುಂದೆಯೇ ಇತ್ತು. ರಚನೆಗಳ ಹೆಸರುಗಳಿರುವ ಮೊದಲ ಎರಡು ಪುಟ ಓದಿದೆ. ನಾಲ್ಕು ಸಾವಿರದಲ್ಲಿ ಉಳಿದ ಸಾಲುಗಳನ್ನು ಓದುವುದಕ್ಕಿಂತ ನೆನಪಿಸಿಕೊಳ್ಳುವುದು ಸುಲಭವಾಗಿತ್ತು, ಚಟ್ನಿಯ ಹಾಳೆ ಬೇರೆ ಕೈಯಲ್ಲಿತ್ತು. ಪಾಲು ಎಂದರೇನು, ಒಡೆದಾಗ ಏನಾಗುತ್ತದೆ, ಯಾವ ಪಾಲಿನೊಳಗೆ ಯಾವ ಪಾಲಿದೆ, ಎಲ್ಲ ಬರೆದೆ. ಒಂದು ಪ್ರಶ್ನೆ ಉಳಿಯಿತು. ಪಾಲು ಒಡೆದಾಗ ಅಣ್ಣ ಎಡಕ್ಕೋ, ತಮ್ಮ ಎಡಕ್ಕೋ?

ನಮ್ಮ ಕಡೆಯವರಾದರೆ ಇದನ್ನು ಕೇಳಲೂ ಬೇಕಿಲ್ಲ. ಪಾಲು ಹಾಕುವವನು ಅಣ್ಣ, ಆರಿಸುವವನು ತಮ್ಮ. ಹಾಕಿದವನೇ ಮೊದಲು ಆರಿಸಿದರೆ ಬಾವಿಯ ಕಡೆಯ ತುಂಡು ತಾನಾಗಿಯೇ ಒಂದಿಷ್ಟು ಅಗಲವಾಗುತ್ತದೆ. ಆದ್ದರಿಂದ ಅಣ್ಣ ಹಗ್ಗ ಹಿಡಿದು ಅಳೆದು ಕಲ್ಲು ನೆಟ್ಟು ಪಕ್ಕಕ್ಕೆ ನಿಲ್ಲುತ್ತಾನೆ. ತಮ್ಮ ಹೋಗಿ ತನಗೆ ಬೇಕಾದ ತುಂಡಿನಲ್ಲಿ ನಿಲ್ಲುತ್ತಾನೆ. ಊರಿನ ನಾಲ್ಕು ಜನ ನೋಡುತ್ತಾರೆ. ಪರದೆಯಲ್ಲಿ ಬಾವಿ ಇಲ್ಲ, ಓದು ಶುರುವಾಗುವ ಎಡಗಡೆಯೇ ಬಾವಿಯ ಕಡೆ ಎಂದು ನಾನು ತೀರ್ಮಾನಿಸಿದೆ. ಹಾಳೆಯನ್ನು ನೋಡಿದೆ. ಒಂದು ಚುಕ್ಕೆ ಮೊದಲಿದ್ದವನು, ಎರಡು ಚುಕ್ಕೆ ಬಂದವನು. ಎರಡು ಚುಕ್ಕೆ ಎಡಕ್ಕೇ ಇತ್ತು. ನೆನಪೂ ಹಾಗೇ ಹೇಳಿತು, ಪದ್ಧತಿಯೂ ಹಾಗೇ ಹೇಳಿತು, ಕಾಗದವೂ ಹಾಗೇ ಹೇಳಿತು. ಮೂವರು ಸಾಕ್ಷಿಗಳು ಒಂದೇ ಮಾತು ಹೇಳುವಾಗ ಅನುಮಾನಪಡಬೇಕು ಎಂದು ನನಗೆ ಆಗ ಹೊಳೆಯಲಿಲ್ಲ. ‘ಹೊಸ ಕಿಟಕಿ ಎಡಕ್ಕೆ ಬರುತ್ತದೆ, ಹಳೆಯದು ಬಲಕ್ಕೆ ಸರಿಯುತ್ತದೆ’ ಎಂದು ಬರೆದು, ಅಡಿಯಲ್ಲಿ ಗೆರೆ ಎಳೆದು ಕಳಿಸಿದೆ. ರೂಪಳೂ ಈ ಸೀಮೆಯವಳೇ. ಓದಿ, ಹೌದಲ್ವಾ ಎಂದುಕೊಂಡು ಹಾಗೇ ಬರೆದಳು.

ಮುಂದಿನ ಭಾನುವಾರ ಬಸ್ ಹಿಡಿದು ಮಾಗಡಿಗೆ ಹೋದೆ. ಹೊಗಳಿಸಿಕೊಳ್ಳಲು ಹೋದೆ ಎಂದರೂ ತಪ್ಪಿಲ್ಲ. ನಡುಮನೆಯಲ್ಲಿ ಪುಟ್ಟಸ್ವಾಮಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿತ್ತು. ಕೆಂಪಾಪುರದಿಂದ ಅವನ ಅಣ್ಣ ಕೆಂಪಣ್ಣನವರೂ ಬಂದಿದ್ದರು. ಹೊಲ ನೋಡಿಕೊಂಡಿರುವ ಹಿರಿಯರು, ತಮ್ಮನಿಗೆ ಒಂದು ಚೀಲ ಹಲಸಿನಹಣ್ಣು ತಂದು ಅದರ ಪಕ್ಕದಲ್ಲೇ ಕೂತಿದ್ದರು.

“ಬನ್ನಿ ಮೇಷ್ಟ್ರೇ” ಎಂದರು ಜಯಮ್ಮ. “ಅದೇನ್ ಬರೆದುಕೊಟ್ರೋ ಕಾಣೆ. ಎರಡು ದಿವಸ ಕೂತ್ರು, ಆಮೇಲೆ ಮುಚ್ಚಿಬುಟ್ರು. ತೆಗೆದ್ರೆ ಕೈ ತಳ್ತಾರೆ.”

“ನೀವು ಬರೆದಂಗೇ ಮಾಡಿದೀನಿ ಅಂಕಲ್” ಎಂದಳು ರೂಪ.

“ಅವನಿಗೆ ಅಭ್ಯಾಸ ತಪ್ಪಿರಬೇಕು” ಎಂದೆ ನಾನು. ಇಂಥ ವಾಕ್ಯಗಳು ನನಗೆ ಸಲೀಸಾಗಿ ಬರುತ್ತವೆ.

ರೂಪ ಮೆಲ್ಲಗೆ ಮುಚ್ಚಳ ತೆರೆದಳು. “ಅಪ್ಪ, ಒಂದೇ ಸಲ. ಅಂಕಲ್ ನೋಡ್ಲಿ” ಎಂದಳು. ಪುಟ್ಟಸ್ವಾಮಿ ನನ್ನನ್ನು ಒಂದು ಕ್ಷಣ ನೋಡಿ ತಿರುಗಿದ. ಪಟ್ಟಿಯ ಕಿಟಕಿ ತೆರೆದ. ಎಡಗೈಯ ತೋರುಬೆರಳನ್ನು ಪರದೆಯ ಎಡಗಡೆ ಪಟ್ಟಿಯ ಮೇಲಿಟ್ಟು, ಮೇಲಿಂದ ಕೆಳಗೆ ಸರಿಸುತ್ತ ಬಂದು ಒಂದು ಪದದ ಮೇಲೆ ನಿಲ್ಲಿಸಿದ. ಆ ಬೆರಳನ್ನು ಒಂದು ಗಳಿಗೆ ತೆಗೆದು, ಬರೆಯುವ ಕಿಟಕಿಗೆಂದು ಕೀಲಿ ಒತ್ತಿ, ಮತ್ತೆ ಅದೇ ಜಾಗದಲ್ಲಿಟ್ಟ. ಅಷ್ಟರಲ್ಲಿ ಪಟ್ಟಿ ಬಲಕ್ಕೆ ಹೋಗಿತ್ತು. ಅವನ ಬೆರಳ ಕೆಳಗೆ ಖಾಲಿ ಬಿಳಿ ಕಿಟಕಿ ಇತ್ತು. ಅವನು ಆ ಖಾಲಿ ಜಾಗವನ್ನು ಒತ್ತಿ ಹಿಡಿದುಕೊಂಡೇ ಇದ್ದ. ಪದ ಯಾವುದಿತ್ತೋ ಅದು ಅವನ ತಲೆಯಿಂದಲೂ ಜಾರಿತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಮುಚ್ಚಳ ಹಾಕಿದ.

ಆಗ ನಾನು ಮಾತಾಡಿದೆ, ದುರದೃಷ್ಟವಶಾತ್. ಅಣ್ಣ ಪಾಲು ಹಾಕುವುದು, ತಮ್ಮ ಮೊದಲು ಆರಿಸುವುದು, ಆದ್ದರಿಂದ ಹೊಸ ಕಿಟಕಿ ಎಡಕ್ಕೆ, ಇದು ಅವನದೇ ಲೆಕ್ಕಾಚಾರ ಎಂದು ವಿವರಿಸಿದೆ.

“ಅದು ಸರಿಯೇ” ಎಂದರು ಕೆಂಪಣ್ಣ. “ನಮ್ಮಲ್ಲೂ ಅಂಗೇ ಆಗಿದ್ದು. ನಾನು ಅಳೆದೆ. ನೀನು ಆರಿಸ್ಕಳಪ್ಪಾ ಅಂದೆ. ಇವ್ನು ಬಾವಿ ಕಡೆ ಹೋಗಿ ನಿಂತ.”

“ಯಾವ ಬಾವಿ ಕಡೆ ಭಾವ?” ಎಂದರು ಜಯಮ್ಮ ಒಳಗಿಂದ. “ಬಾವಿ ಕಡೆ ಈಗ ರಾಗಿ ಬೆಳೀತಿರೋರು ಯಾರು?”

“ಅದು ಆಮೇಲೆ ಬದಲಾಯಿಸ್ಕೊಂಡಿದ್ದು ಕಣಮ್ಮ. ಇವ್ನಿಗೆ ರೋಡ್ ಪಕ್ಕ ಬೇಕು ಅಂದ.”

“ಇವ್ರು ಅಂದ್ರಾ? ಇವ್ರು ಅವತ್ತು ಒಂದು ಮಾತೂ ಆಡ್ಲಿಲ್ಲ. ನೀವು ಅಳೀತಾ ಅಳೀತಾ ಬಾವಿ ಕಡೇಲೇ ನಿಂತಿದ್ರಿ. ನಿಂತೋರ್ನ ಸರಿಸೋಕಾಯ್ತದಾ ಅಂತ ಇವ್ರು ಈ ಕಡೆ ಬಂದ್ರು.”

“ಲೇ, ನೀನೇ ಹೇಳ್ಲಾ” ಎಂದರು ಕೆಂಪಣ್ಣ ತಮ್ಮನ ಕಡೆ ತಿರುಗಿ. ಹೇಳಿದ ಮೇಲೆ, ಏನು ಕೇಳಿದೆ ಎಂದು ಅವರಿಗೇ ಹೊಳೆದು, ಹಲಸಿನಹಣ್ಣಿನ ಚೀಲದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು.

ಪುಟ್ಟಸ್ವಾಮಿ ಹೂಂ ಎಂದು ತಲೆಯಾಡಿಸಿದ. ಯಾರ ಮಾತಿಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ರಾಮನಗರಕ್ಕೆ ವಾಪಸು ಬರುವ ಬಸ್ಸಿನಲ್ಲಿ ಹಾಳೆಯನ್ನು ತೆಗೆದು ನೋಡಿದೆ. ಆಗ ನೆನಪಾದದ್ದು, ಅಥವಾ ಆಗ ನಾನು ಕಟ್ಟಿಕೊಂಡದ್ದು, ಇದು: ಹೋಟೆಲಿನಲ್ಲಿ ಅವನು ನನ್ನ ಎದುರಿಗೆ ಕೂತಿದ್ದ. ಅವನ ಎಡ ನನ್ನ ಬಲ. ಹಾಳೆಯನ್ನು ತಿರುಗಿಸಿ ಹಿಡಿದೆ. ಎರಡು ಚುಕ್ಕೆ ಬಲಕ್ಕೆ ಬಂತು. ಅಕ್ಷರವಿಲ್ಲದ ಕಾಗದಕ್ಕೆ ಮೇಲು ಕೆಳಗು ಎಂಬುದಿಲ್ಲ. ನನಗೆ ಬೇಕಾದ ಉತ್ತರ ಬರುವ ಹಾಗೆ ನಾನು ಅದನ್ನು ಹಿಡಿದುಕೊಂಡಿದ್ದೆ.

ಮನೆಗೆ ಬಂದು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ನಾಲ್ಕು ಸಾವಿರ ಸಾಲು ಓದಿದೆ. ಮೂರು ದಿನ ಹಿಡಿಯಿತು. ಪಾಲು ಒಡೆಯುವ ಭಾಗ ಸಿಕ್ಕಿತು. ಅಣ್ಣನ ಎಡ ಅಂಚು ಇದ್ದಲ್ಲೇ ಇರುತ್ತದೆ, ಅಗಲ ಮಾತ್ರ ಅರ್ಧವಾಗುತ್ತದೆ. ತಮ್ಮ ಬಲಗಡೆ ಹುಟ್ಟುತ್ತಾನೆ. ಆರಿಸುವ ಪ್ರಸಂಗವೇ ಅಲ್ಲಿಲ್ಲ. ಇದ್ದವನು ಕದಲುವುದಿಲ್ಲ, ಅಷ್ಟೇ. ಹಗ್ಗ ಹಿಡಿದು ನಿಂತ ಅಣ್ಣ, ನಾಲ್ಕು ಜನ ಸಾಕ್ಷಿ, ಎಲ್ಲ ನಾನು ತಂದು ನಿಲ್ಲಿಸಿದ್ದು. ರೂಪಳಿಗೆ ಫೋನ್ ಮಾಡಿ ಹೇಳಿದೆ. ನನ್ನ ಹನ್ನೊಂದು ಪುಟದಲ್ಲಿ ಎಷ್ಟು ತಪ್ಪಿದೆ ಎಂದು ಅವಳು ಕೇಳಿದಳು. ಒಂದು ಸಾಲು ಎಂದೆ. “ಆ ಒಂದು ಸಾಲು ಒಳ್ಳೆ ಜಾಗ ನೋಡಿ ಕೂತಿತ್ತು ಬಿಡಿ ಅಂಕಲ್” ಎಂದಳು. ಕಾರ್ಖಾನೆಯ ಪಾಳಿ ಮುಗಿಸಿ ಬಂದು ಅವತ್ತೇ ಸರಿ ಮಾಡಿದಳು. ಮರುದಿನ ಜಯಮ್ಮ ಫೋನ್ ಮಾಡಿ, “ಕಾಫಿಗೆ ಸಕ್ಕರೆ ಜಾಸ್ತಿ ಅಂತ ಬರೆದವ್ರೆ” ಎಂದರು. ಅಷ್ಟು ಹೇಳಲು ಮಾತ್ರ ಫೋನ್ ಮಾಡಿದ್ದರು.

ಹನ್ನೊಂದು ಪುಟವನ್ನು ತಿದ್ದಿ ಬರೆದಿದ್ದೇನೆ. ಈಗ ಹದಿನಾಲ್ಕಾಗಿದೆ. ಆದರೆ ದಾಖಲೆ ಬರೆಯುವವನು ‘ಹೀಗಿದೆ’ ಎಂದ ಮೇಲೆ ‘ಯಾಕೆಂದರೆ’ ಎಂದೂ ಬರೆಯಬೇಕು ಎಂದು ನಾನು ಇಪ್ಪತ್ತೆಂಟು ವರ್ಷ ಹುಡುಗರಿಗೆ ಹೇಳಿದವನು. ಇದ್ದವನು ಯಾಕೆ ಕದಲಬಾರದು? ಓದುತ್ತಿರುವುದು ಕಣ್ಣೆದುರಿಂದ ಜಾರಬಾರದು ಎಂದಿರಬಹುದು. ಒಳ್ಳೆಯ ಕಾರಣ. ಆದರೆ ಇದು ಅವನ ಬೆರಳು ಖಾಲಿ ಜಾಗವನ್ನು ಒತ್ತಿ ಹಿಡಿದದ್ದನ್ನು ನೋಡಿದ ಮೇಲೆ ನನಗೆ ಹೊಳೆದ ಕಾರಣ. ಕೋಡು ಬರೆಯುವಾಗ ಅವನ ಎರಡೂ ಕೈ ಚೆನ್ನಾಗಿದ್ದವು. ಬಾವಿಯ ಕಡೆ ನಿಂತವರನ್ನು ಸರಿಸಬಾರದು ಎಂದಿರಬಹುದು. ಅದು ಜಯಮ್ಮನ ಕಥೆ, ಕೆಂಪಣ್ಣನವರ ಕಥೆ ಬೇರೆ. ಅಥವಾ ಹೀಗೆ ಬರೆದರೆ ಎರಡು ಸಾಲು ಉಳಿಯುತ್ತಿತ್ತು. ಪುಟ್ಟಸ್ವಾಮಿ ಸಾಲು ಉಳಿಸುವ ಮನುಷ್ಯ.

ಹೋದ ವಾರ ಮಾಗಡಿಗೆ ಹೋದಾಗ ಅವನನ್ನೇ ಕೇಳಿದೆ. ಈಗ ಅವನು ಬೇಗ ಬರೆಯುತ್ತಾನೆ. ನಾನು ಒಳಗೆ ಬಂದ ಕೂಡಲೇ ‘ದಪ್ಪ’ ಎಂದು ಬರೆದು ನನ್ನ ಹೊಟ್ಟೆಯ ಕಡೆ ನೋಡಿದ. ನಾನು ಪಕ್ಕದಲ್ಲಿ, ಎದುರಿಗಲ್ಲ, ಕುರ್ಚಿ ಎಳೆದು ಕೂತೆ. “ಲೇ, ತಮ್ಮ ಯಾಕೆ ಬಲಕ್ಕೆ? ಆರಿಸೋ ಹಕ್ಕು ಅವನದಲ್ವಾ?” ಎಂದೆ.

ಅವನು ಬೆರಳಿಟ್ಟು ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಮತ್ತೆ ಮೇಲಿಂದ ನೋಡಿದ. ಒಂದು ಕಡೆ ನಿಂತ, ಬೇಡವೆಂದು ಮುಂದೆ ಹೋದ. ಆಮೇಲೆ ಬಲಗಡೆ ಒಂದೊಂದೇ ಅಕ್ಷರವಾಗಿ ಬರೆದ: ಮರೆತೆ.

ದಾಖಲೆಯಲ್ಲಿ ‘ಕಾರಣ ಗೊತ್ತಿಲ್ಲ’ ಎಂದು ಬರೆದಿದ್ದೇನೆ. ಅವನು ನಿಜವಾಗಿ ಮರೆತಿದ್ದಾನೋ ಏನೋ. ‘ಮರೆತೆ’ ಪಟ್ಟಿಯಲ್ಲಿ ಇರುವ ಪದ. ಕಾರಣವೊಂದು ಅವನ ಹತ್ತಿರ ಇದ್ದು, ಅದಕ್ಕೆ ಬೇಕಾದ ಪದ ಆ ಮುನ್ನೂರರಲ್ಲಿ ಇಲ್ಲದೆ ಹೋಗಿದ್ದರೂ ಅವನು ಇದನ್ನೇ ಬರೆಯುತ್ತಿದ್ದ. ಪಟ್ಟಿಗೆ ಯಾವ ಪದ ಸೇರಿಸಬೇಕೆಂದು ನನಗೆ ತಿಳಿಯದು.